ಬೇಲಿ ಇಲ್ಲದ ಟ್ರೈನಿಂಗ್ ಶಾಲೆ

ಸಾಹೇಬರು ತಪಾಸಣೆಗೆ ಬರುತ್ತಾರೆಂದು ಗೊತ್ತಾದರೆ ಸಾಕು, ವರ್ಷವಿಡೀ ಸರಿಯಾಗಿ ನಡೆದ ಗಡಿಯಾರ ಅಂದೇ ನಿಲ್ಲುತ್ತದೆ, ವರ್ಷವಿಡೀ ಬಾಯಿ ಬಿಡದ ಹುಡುಗ ಅಂದೇ ಬಾಯಿ ಬಿಡುತ್ತಾನೆ. ಇದು ಯಾಕೆ ಹೀಗೆಂದು ಕಲಿತವರಿಗೂ ಗೊತ್ತಿಲ್ಲ. ಕಲಿಯದ ನನಗೆ ಗೊತ್ತಿರಲಿಕ್ಕೆ ನ್ಯಾಯವಿಲ್ಲ. ಆದರೆ ಇಂಥದ್ದನ್ನು ನನ್ನಷ್ಟು ಹತ್ತಿರದಿಂದ ನೋಡಿದವ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಮೂರೂ ಸೇರಿಸಿ ಹುಡುಕಿದರೂ ಸಿಕ್ಕುವುದಿಲ್ಲ.

ನಾನು ಟ್ರೈನಿಂಗ್ ಶಾಲೆಯ ಜವಾನನಾಗಿದ್ದವ. ಟ್ರೈನಿಂಗ್ ಶಾಲೆ ಎಂದರೆ ಮಾಸ್ಟ್ರುಗಳನ್ನು ತಯಾರು ಮಾಡುವ ಶಾಲೆ. ಮೂಡುಬಿದಿರೆಯಿಂದ ಶಿರ್ತಾಡಿ ದಾಟಿ ಹೋದರೆ ಒಂದು ಗುಡ್ಡೆ ಸಿಗುತ್ತಿತ್ತು, ಅದರ ಮೇಲೆ ನಮ್ಮದು. ಗಂಟೆ ಹೊಡೆಯುವವ ನಾನು, ಬಾವಿಯಿಂದ ನೀರು ಸೇದುವವ ನಾನು, ಮಧ್ಯಾಹ್ನದ ಅಡಿಗೆಯೂ ನನ್ನದೇ. ನಾನು ಹೊಡೆದ ಗಂಟೆ ಚಾರ್ಮಾಡಿ ಘಾಟಿಯವರೆಗೆ ಕೇಳುತ್ತಿತ್ತು. ಘಾಟಿಯ ಹುಲಿಗಳು ನನ್ನ ಊಟದ ಗಂಟೆ ಕೇಳಿಯೇ ಬೇಟೆಗೆ ಏಳುತ್ತಿದ್ದವು ಎಂದು ಲಾರಿ ಓಡಿಸುವವರು ಹೇಳಿದ್ದುಂಟು. ನಂಬದವರು ಹುಲಿಯನ್ನು ಕೇಳಬಹುದು.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಟ್ರೈನಿಂಗ್ ಶಾಲೆಗಳ ಗುಣಮಟ್ಟ ನೋಡಲಿಕ್ಕೆಂದು ಮೈಸೂರು ಕಡೆಯ ಒಬ್ಬರು ಸಾಹೇಬರನ್ನು ಹಾಕಿದರು. ಕರಿ ಕೋಟು, ದಪ್ಪ ಕನ್ನಡಕ, ನಗುವುದು ಕಡಿಮೆ. ಮೊದಲ ಸಲ ಬಂದವರು ಶಾಲೆಗೆ ಒಂದು ಸುತ್ತು ಹಾಕಿ, "ಬೇಲಿ ಎಲ್ರೀ?" ಎಂದು ಕೇಳಿದರು.

ಹೆಡ್ಮಾಸ್ಟ್ರು ತಲೆ ಕೆರೆದರು. ಬೇಲಿ ಹಾಕಿರಲಿಲ್ಲ ಎಂದಲ್ಲ. ಹಾಕಿದಾಗೆಲ್ಲ ಪಕ್ಕದ ಮನೆಯ ಯಜಮಾನ್ರು ಗೂಟ ಕೀಳಿಸುತ್ತಿದ್ದರು. ಅವರದ್ದು ದೊಡ್ಡ ಮನೆತನ, ದೊಡ್ಡ ದನದ ಹಟ್ಟಿ, ಅದಕ್ಕಿಂತ ದೊಡ್ಡ ಸ್ವರ. "ನನ್ನ ದನ ನಿಮ್ಮ ತರಕಾರಿ ತೋಟಕ್ಕೆ ಬರುವುದೇ ಇಲ್ಲ ಮಾಸ್ಟ್ರೆ. ನಿಮ್ಮ ತೋಟವೇ ನನ್ನ ದನದ ದಾರಿಯಲ್ಲಿ ಹೋಗಿ ಕೂತಿದೆ" ಎಂಬುದು ಅವರ ವಾದ. ಆಗಿನ ಕಾಲದಲ್ಲಿ ಟ್ರೈನಿಂಗಿನವರಿಗೆ ತೋಟ ಮಾಡುವುದೂ ಒಂದು ಪಾಠ. ತೋಟ ಇಲ್ಲದ ಟ್ರೈನಿಂಗ್ ಶಾಲೆಯೆಂದರೆ ಬಾವಿಯಿಲ್ಲದ ಮನೆಯ ಹಾಗೆ.

ಸಾಹೇಬರು ಎಲ್ಲ ಕೇಳಿ ಹೇಳಿದರು: "ನಾನು ಈ ವರ್ಷ ಮೂರು ಸಲ ಬರ್ತೀನಿ. ಮೂರನೇ ಸಲವೂ ಪಾಠ, ತೋಟ, ಬೇಲಿ ಹೀಗೇ ಇದ್ರೆ ಇದನ್ನ ಮುಚ್ಚಿಸಿ ಬಂಟ್ವಾಳದ ಶಾಲೆಗೆ ಸೇರಿಸಿಬಿಡ್ತೀನಿ."

ಹುಲ್ಲಿನ ಮಾಡಿನ ಕಾಲದಿಂದ ಆ ಶಾಲೆಯನ್ನು ಸಾಕಿ ದೊಡ್ಡದು ಮಾಡಿದ್ದು ನಮ್ಮ ಹೆಡ್ಮಾಸ್ಟ್ರು. ಅವರ ಮುಖ ಬಿಳಿಚಿಹೋಯಿತು. ನನ್ನದೂ ಬಿಳಿಚಬೇಕಿತ್ತು, ಬಣ್ಣ ಕಪ್ಪಾದ್ದರಿಂದ ಕಾಣಲಿಲ್ಲ. ಬಂಟ್ವಾಳದ ಶಾಲೆಯಲ್ಲಿ ಗಂಟೆ ಹೊಡೆಯಲಿಕ್ಕೆ ಆಗಲೇ ಒಬ್ಬ ಇದ್ದ. ಒಂದು ಶಾಲೆಗೆ ಇಬ್ಬರು ಜವಾನರು ಯಾಕೆ?

ನೂರಾರು ಗುರುಗಳ ಒಬ್ಬನೇ ಶಿಷ್ಯ

ಆ ಮೊದಲ ಸಲವೇ ಸಾಹೇಬರ ಕಣ್ಣಿಗೆ ನಾನು ಬಿದ್ದೆ. ಬೀಳದೆ ಇರುವ ಆಳು ನಾನಲ್ಲ.

ನಮ್ಮಲ್ಲಿ ಮಾಸ್ಟ್ರಾಗಲು ಬಂದವರು ಪಕ್ಕದ ಮಾದರಿ ಶಾಲೆಯ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು. ಅದಕ್ಕೆ ಮೊದಲು ಯಾರ ಮುಂದಾದರೂ ಒಮ್ಮೆ ಹೇಳಿ ನೋಡಬೇಕಲ್ಲ? ಗೋಡೆಗೆ ಹೇಳಿದರೆ ಗೋಡೆ ತಲೆಯಾಡಿಸುವುದಿಲ್ಲ. ನಾನು ಆಡಿಸುತ್ತೇನೆ. ಹಾಗಾಗಿ ಅನ್ನ ಬೇಯುವ ಹೊತ್ತಿಗೆ ಒಬ್ಬರಲ್ಲ ಒಬ್ಬರು ಒಲೆಯ ಬುಡಕ್ಕೆ ಬಂದು, "ಅಣ್ಣ, ಒಂದು ಗಳಿಗೆ ಮಗು ಆಗಿ ಮಾರಾಯ್ರೆ" ಎನ್ನುತ್ತಿದ್ದರು. ನಾನು ಸೌಟು ಕೆಳಗಿಟ್ಟು, ಕೈ ಕಟ್ಟಿ, ಮಗು ಆಗುತ್ತಿದ್ದೆ.

ಇಷ್ಟು ಗುರುಗಳ ಕೈಕೆಳಗೆ ಕಲಿತವ ಕಾಶಿಯಲ್ಲೂ ಇರಲಿಕ್ಕಿಲ್ಲ. ಆದರೆ ಒಂದು ಸಂಗತಿ ಉಂಟು. ಎಲ್ಲರಿಗೂ ಹೆದರಿಕೆ ಮೊದಲ ಪಾಠದ್ದು. ಹಾಗಾಗಿ ಎಲ್ಲರೂ ನನಗೆ ಕಲಿಸಿದ್ದು 'ಅ'. ಅಕ್ಕಿಯಲ್ಲಿ ಬರೆದು ಕಲಿಸಿದರು, ಬೂದಿಯಲ್ಲಿ ಬರೆದು ಕಲಿಸಿದರು, ಹುಣಸೆಬೀಜ ಜೋಡಿಸಿ ಕಲಿಸಿದರು. ಒಬ್ಬ ಪುಣ್ಯಾತ್ಮ ನನ್ನ ಬೆನ್ನ ಮೇಲೇ ಇದ್ದಲಿನಲ್ಲಿ ಬರೆದ. ಮುಂದಿನ ಅಕ್ಷರಕ್ಕೆ ಬರುವಾಗ ಅವರಿಗೆ ಧೈರ್ಯ ಬಂದಿರುತ್ತಿತ್ತು, ಮತ್ತೆ ನನ್ನ ನೆನಪು ಯಾರಿಗೆ? 'ಅ' ಅಕ್ಷರದ ವಿಷಯದಲ್ಲಿ ನನ್ನ ಎದುರು ನಿಲ್ಲುವ ಪಂಡಿತ ಇವತ್ತಿಗೂ ಹುಟ್ಟಿಲ್ಲ. ಉಳಿದ ಅಕ್ಷರಗಳನ್ನು ಬಸ್ಸಿನ ಬೋರ್ಡು ನೋಡಿ ಸ್ವಂತ ಬುದ್ಧಿಯಿಂದ ಕಲಿತದ್ದು.

ಸಾಹೇಬರು ಅಡಿಗೆ ಕೋಣೆಗೆ ಇಣುಕುವಾಗ ನಾನು ಮಗು ಆಗಿದ್ದೆ. ಟ್ರೈನಿಂಗಿನ ಹೆಂಗಸೊಬ್ಬರು ನನ್ನ ಕೆನ್ನೆ ತಟ್ಟಿ "ಜಾಣ ಮರಿ" ಎನ್ನುತ್ತಾ ಇದ್ದರು. ಸಾಹೇಬರನ್ನು ನೋಡಿ ಅವರು ಓಡಿಯೇಹೋದರು.

"ಏನಪ್ಪಾ ಇದು?" ಎಂದರು ಸಾಹೇಬರು.

ನಾನು ಎಲ್ಲ ವಿವರಿಸಿದೆ. ಅವರಿಗೆ ಕುತೂಹಲ ಬಂತು.

"ಹಾಗಾದ್ರೆ ನಿಂಗೆ ಎಷ್ಟನೇ ಕ್ಲಾಸು ಪಾಸಾಗಿದೆ?"

"ಒಂದೂ ಆಗಲಿಲ್ಲ ಸಾರ್."

"ಇಷ್ಟು ಜನ ಕಲಿಸಿದರೂ ಆಗ್ಲಿಲ್ವಾ?"

"ಕಲಿಯುವವರು ಅವರು ಸಾರ್. ನಾನು ಕಲಿಸುವುದಕ್ಕೆ ಇರುವವ."

ಅಪ್ಪನಿಗೆ ಏನು ಕೆಲಸ?

ಅದೇ ದಿನ ಮಧ್ಯಾಹ್ನ ಮೂರನೇ ತರಗತಿಗೆ 'ಕುಟುಂಬ' ಎಂಬ ಪಾಠ. ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಪಾಠ ಮಾಡುವವ ಹೊಸ ಪುಸ್ತಕದಲ್ಲಿ ಇದ್ದ ಹಾಗೆಯೇ ಹಲಗೆಯಲ್ಲಿ ಚಿತ್ರ ಬರೆದಿದ್ದ: ನಡುವೆ ಮೀಸೆಯ ಅಪ್ಪ, ಪಕ್ಕದಲ್ಲಿ ಅಮ್ಮ, ಸುತ್ತ ಮಕ್ಕಳು. ಆದರೆ ನಮ್ಮ ಕಡೆ ಅಳಿಯ ಸಂತಾನ. ಮನೆ, ಗದ್ದೆ, ಯಜಮಾನಿಕೆ ಎಲ್ಲ ಹೋಗುವುದು ಮಾವನಿಂದ ಅಳಿಯನಿಗೆ, ಎಂದರೆ ಅವನ ಅಕ್ಕತಂಗಿಯರ ಮಗನಿಗೆ. ಇದು ಮೈಸೂರಿನ ಪುಸ್ತಕಕ್ಕೆ ಹೇಗೆ ಗೊತ್ತಿರಬೇಕು?

ಸಾಹೇಬರು ಎದ್ದು ತಾವೇ ಕೇಳಿದರು. "ನಿಮ್ಮ ಮನೆ ಯಜಮಾನ ಯಾರಪ್ಪಾ?"

"ಮಾವ!" ಇಡೀ ತರಗತಿ ಒಂದೇ ಸ್ವರ.

ಸಾಹೇಬರು ಪಾಠ ಮಾಡುವವನನ್ನು ಒಮ್ಮೆ ನೋಡಿದರು. ಅವನ ಕೈಯ ಸೀಮೆಸುಣ್ಣ ಎರಡು ತುಂಡಾಯಿತು.

"ಅಲ್ಲಪ್ಪಾ, ಗದ್ದೆ ಯಾರದ್ದು?"

"ಮಾವನದ್ದು!"

"ಬೈಯೋರು ಯಾರು?"

"ಮಾವ!"

"ನಿಮ್ಮ ಅಪ್ಪ?"

"ಅವರು ಅವರ ಅಕ್ಕನ ಮನೆಯಲ್ಲಿ ಯಜಮಾನರು ಸಾರ್. ಅಲ್ಲಿ ಬೈಯುತ್ತಾರೆ" ಎಂದಳು ಒಬ್ಬಳು ಹುಡುಗಿ, ಶಾಲೆಯ ಕನ್ನಡವನ್ನು ಒಂದೊಂದೇ ಅಕ್ಷರ ಬಿಡಿಸಿ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ನಿಮ್ಮ ಮನೇಲಿ ಅಪ್ಪನಿಗೆ ಏನಮ್ಮಾ ಕೆಲಸ?"

ಹುಡುಗಿ ಒಂದೊಂದೇ ಬೆರಳು ಮಡಚಿ ಹೇಳಿದಳು. "ಅವರು ಆಗಾಗ ಬರುತ್ತಾರೆ ಸಾರ್. ಎಲ್ಲ ಸರಿ ಉಂಟಾ ಎಂದು ಕೇಳುತ್ತಾರೆ. ಊಟ ಮಾಡುತ್ತಾರೆ. ಹೋಗುತ್ತಾರೆ. ನಿಮ್ಮ ಹಾಗೆಯೇ."

ಬಂಟ್ವಾಳದ ಗೇಟು

ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಸಾಹೇಬರು ಬಂಟ್ವಾಳದ ಶಾಲೆ ನೋಡಲಿಕ್ಕೆ ಹೊರಟರು. ಪೆಟ್ಟಿಗೆ ಹೊರಲು ಜನ ಬೇಕೆಂದಾಗ ಹೆಡ್ಮಾಸ್ಟ್ರು ನನ್ನನ್ನು ಮುಂದೆ ನೂಕಿದರು. ಹೊರಡುವಾಗ ಕಿವಿಯಲ್ಲಿ, "ಅಲ್ಲಿ ಏನೇನು ಕೊರತೆ ಉಂಟೋ ಎಲ್ಲ ನೋಡಿಕೊಂಡು ಬಾ ಮಾರಾಯ" ಎಂದರು.

ನಾವು ಬಂಟ್ವಾಳ ಮುಟ್ಟುವಾಗ ನೇತ್ರಾವತಿಯೂ ಪೇಟೆಗೆ ಬಂದು ಮುಟ್ಟಿತ್ತು. ಅಂಗಡಿಯವರು ಅಕ್ಕಿಮೂಟೆಗಳನ್ನು ಅಟ್ಟಕ್ಕೆ ಏರಿಸಿ, ತಾವೂ ಏರಿ ಕೂತು, ದೋಣಿಯಲ್ಲಿ ಬಂದ ಗಿರಾಕಿಗಳಿಗೆ ಮೇಲಿನಿಂದಲೇ ಸಾಮಾನು ಇಳಿಸುತ್ತಿದ್ದರು. ಆ ಊರಿನವರಿಗೆ ಅದೊಂದು ವಿಶೇಷವೇ ಅಲ್ಲ. ನನಗೂ ಅಲ್ಲ. ಸಾಹೇಬರ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನಾನು ಈಜಿಕೊಂಡೇ ಬರುತ್ತೇನೆ ಎಂದೆ. ಈಜಿದರೆ ಪೆಟ್ಟಿಗೆಗೆ ಒಂದು ಹನಿ ತಾಗುತ್ತಿರಲಿಲ್ಲ, ಬೇಕಾದರೆ ಹೊಳೆಯನ್ನು ಎರಡು ಸಲ ದಾಟಿ ತೋರಿಸುತ್ತಿದ್ದೆ. ಸಾಹೇಬರು ಬಿಡಲಿಲ್ಲ. ದೋಣಿಯಲ್ಲಿ ಹೋದೆವು.

ಶಾಲೆಯ ಸುತ್ತಿನ ಗೋಡೆ, ಆ ಪಾಗಾರ, ಪೂರ ಮುಳುಗಿತ್ತು. ಗೇಟಿನ ಎರಡು ಕಂಬದ ತಲೆ ಮಾತ್ರ ಕಾಣುತ್ತಿತ್ತು. ಎಲ್ಲಿಂದಲೂ ಒಳಗೆ ಹೋಗಬಹುದು. ಆದರೆ ದೋಣಿಯವ ಅಷ್ಟು ದೂರ ಸುತ್ತುಹಾಕಿ, ಕಷ್ಟಪಟ್ಟು ಹುಟ್ಟು ಹಾಕಿ, ಆ ಎರಡು ಕಂಬದ ನಡುವೆಯೇ ದೋಣಿ ನುಗ್ಗಿಸಿದ. "ಯಾಕೆ ಮಾರಾಯ ಇಷ್ಟು ಸುತ್ತು?" ಎಂದು ಕೇಳಿದ್ದಕ್ಕೆ, "ಸಾಹೇಬರು ಕೂತ ದೋಣಿ. ಪಾಗಾರ ಹಾರಿಸಿ ಕೊಂಡುಹೋಗಲಿಕ್ಕೆ ಆಗುತ್ತದಾ?" ಎಂದ.

ಪಾಠ ಉಪ್ಪರಿಗೆಯಲ್ಲಿ. ನಾಲ್ಕೈದು ಮಕ್ಕಳು ದೋಣಿಯಲ್ಲೇ ಬಂದಿದ್ದರು. ಟ್ರೈನಿಂಗಿನವ ತುಂಬಾ ತಣ್ಣಗಿನ ಮನುಷ್ಯ. ಪಾಠದ ಹೆಸರು 'ನದಿ'. ಒಂದು ಚಿತ್ರವಿಲ್ಲ, ಒಂದು ನಕ್ಷೆಯಿಲ್ಲ, ಕೈಬೀಸಿಕೊಂಡು ನಿಂತಿದ್ದಾನೆ. ಮಕ್ಕಳಿಗೆ ಕಣ್ಣಾರೆ ತೋರಿಸಲು ಏನಾದರೂ ವಸ್ತು ಇರಲೇಬೇಕು ಎಂಬುದು ಟ್ರೈನಿಂಗಿನ ಕಾಯಿದೆ. ಪಾಠೋಪಕರಣ ಎನ್ನುತ್ತಾರೆ ಅದನ್ನು.

ಸಾಹೇಬರು ಗುಡುಗಿದರು. "ಎಲ್ರೀ ನಿಮ್ಮ ಪಾಠೋಪಕರಣ?"

ಅವನು ಏಣಿಮೆಟ್ಟಿಲಿನ ಕಡೆ ಬಗ್ಗಿ ನೋಡಿ, "ಬರ್ತಾ ಉಂಟು ಸಾರ್. ಇನ್ನು ಎರಡು ಮೆಟ್ಟಿಲು ಬಾಕಿ" ಎಂದ.

ಹಿಂದೆ ಬರುವಾಗ ನಾನು ಸಮಯ ನೋಡಿ ಸಾಹೇಬರ ಹತ್ತಿರ ಮೆಲ್ಲಗೆ ಹೇಳಿದೆ. "ನಮ್ಮದು ಗುಡ್ಡೆ ಸಾರ್. ಪ್ರಳಯ ಬಂದರೂ ನಮ್ಮಲ್ಲಿಗೆ ನೀರು ಬರುವುದಿಲ್ಲ."

ಸಾಹೇಬರು ಒದ್ದೆ ಕೋಟು ಹಿಂಡುತ್ತಾ ಹೇಳಿದರು: "ನೋಡಯ್ಯಾ, ಬಂಟ್ವಾಳದಲ್ಲಿ ನೆರೆ ಕೂಡ ಗೇಟಿನಿಂದ ಒಳಗೆ ಬರುತ್ತೆ. ನಿಮ್ಮಲ್ಲಿ ದನ ಕೂಡ ಎಲ್ಲಿಂದ ಬೇಕಾದ್ರೂ ಬರುತ್ತೆ."

ಗುಟ್ಟಾಗಿ ಬಂದವರು

ಚೌತಿ ಕಳೆದು ಬಿಸಿಲು ಚುರುಕಾಯಿತು. ಎರಡನೇ ಸಲ ಹೇಳದೆ ಕೇಳದೆ ಬಂದು ನಮ್ಮನ್ನು ಹಿಡಿಯಬೇಕೆಂದು ಸಾಹೇಬರು ಎಣಿಸಿದರು. ಅವರು ಬಸ್ಸಿನಲ್ಲಿ ಬಂದರೆ ಕಂಡಕ್ಟರ್ ನಮ್ಮ ಗುಡ್ಡೆಯ ಕೆಳಗೆ ಉದ್ದಕ್ಕೆ ಹಾರ್ನ್ ಹೊಡೆಸುತ್ತಾನೆಂದು ಅವರಿಗೆ ಯಾರೋ ಚಾಡಿ ಹೇಳಿದ್ದರು. ಅದಕ್ಕೆ ಅವರು ಮೊದಲೇ ಶಿರ್ತಾಡಿಯಲ್ಲಿ ಇಳಿದರು. ಕೋಟು ಬಿಚ್ಚಿ ಚೀಲದೊಳಗೆ ಹಾಕಿದರು. ಪಂಚೆ ಎತ್ತಿ ಕಟ್ಟಿ, ತಲೆಗೆ ಒಂದು ಬೈರಾಸು ಸುತ್ತಿ, ಗದ್ದೆಹುಣಿಯ ದಾರಿ ಹಿಡಿದು ನಡೆದೇ ಹೊರಟರು.

ಉಪಾಯ ಚಂದವೇ. ಆದರೆ ನಮ್ಮೂರಿನ ಕ್ರಮ ಅವರಿಗೆ ಗೊತ್ತಿರಲಿಲ್ಲ. ಬಿಸಿಲಲ್ಲಿ ನಡೆದು ಬರುವ ಅಪರಿಚಿತನನ್ನು ನಾವು ಸುಮ್ಮನೆ ಹೋಗಲು ಬಿಡುವುದುಂಟೇ? ಮೊದಲ ಮನೆಯ ಅಂಗಳ ದಾಟುವಾಗಲೇ ಅಜ್ಜಿಯೊಬ್ಬಳು ಕರೆದು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟಳು. ಬೇಡ ಎಂದರೆ ಆಗುವುದಿಲ್ಲ, ಅವಮಾನ ಮಾಡಿದ ಹಾಗೆ. ಕುಡಿದ ಮೇಲೆ ಯಾವ ಊರು, ಯಾರ ಪೈಕಿ, ಎಲ್ಲಿಗೆ ಸವಾರಿ ಎಂದು ಕೇಳುವುದೂ ಕ್ರಮವೇ. ಸಾಹೇಬರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇಲ್ಲೇ, ಮೇಲೆ" ಎಂದು ತಪ್ಪಿಸಿಕೊಂಡರು.

ಮೇಲೆ ಇರುವುದು ಶಾಲೆ ಒಂದೇ!

ಎರಡನೆಯ ಮನೆಯಲ್ಲೂ ಬೆಲ್ಲ ನೀರು. ಮೂರನೆಯ ಮನೆಯವರು ಪಾಪ, ಎಳನೀರಿನ ಬೊಂಡ ಕೆತ್ತಿ ಕೊಟ್ಟರು. ಮತ್ತೊಂದು ಮನೆಯಲ್ಲಿ ಮಜ್ಜಿಗೆ, ಚೆಂಬು ತುಂಬ. ಒಂದು ಮನೆಯಲ್ಲಿ ಕುಡಿದದ್ದು ಇನ್ನೊಂದು ಮನೆಗೆ ಗೊತ್ತಿಲ್ಲ, ಆದರೆ ಸಾಹೇಬರ ಮಾತಿನ ಧಾಟಿ ಎಲ್ಲ ಮನೆಗೂ ಗೊತ್ತಾಯಿತು. "ಬರ್ತೀನಿ, ಹೋಗ್ತೀನಿ" ಎಂದು ಮಾತಾಡುವವರು ಆ ಬಯಲಿನಲ್ಲಿ ಬೇರೆ ಯಾರು? ಅವರು ಒಂದು ಜಗಲಿಯಲ್ಲಿ ಕೂತು ಕುಡಿಯುವಾಗ ಸುದ್ದಿ ಮುಂದಿನ ಗದ್ದೆ ದಾಟಿ ನನ್ನ ಒಲೆಯ ಹತ್ತಿರ ಬಂದಾಗಿತ್ತು. ನಾನು ಗಾಳಿಯ ವಾಸನೆಯಿಂದಲೇ ಮೊದಲೇ ತಿಳಿದುಕೊಂಡಿದ್ದೆ, ಅದು ಬೇರೆ ಮಾತು.

ಹೆಡ್ಮಾಸ್ಟ್ರು ಅಂಗಳ ಗುಡಿಸಿಸಿದರು, ಹಲಗೆ ಒರೆಸಿಸಿದರು, ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದರು. ನಾನು ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು ಹಿಡಿದು ಮೆಟ್ಟಿಲಲ್ಲಿ ನಿಂತೆ. ಸಾಹೇಬರು ಗುಡ್ಡೆ ಹತ್ತಿ ಬಂದರು. ಬಂದರು ಎಂದರೆ ಓಡಿ ಬಂದರು. ಮುಖ ಕೆಂಪಾಗಿತ್ತು.

"ನಮಸ್ಕಾರ ಸಾರ್, ಆಸರಿಗೆ ಬೆಲ್ಲ ನೀರು..." ಎಂದು ನಾನು ಚೆಂಬು ಮುಂದೆ ಹಿಡಿದೆ.

ಅವರು ಚೆಂಬನ್ನು ನೋಡಿ ಹುಲಿ ಕಂಡವರ ಹಾಗೆ ಹಿಂದೆ ಸರಿದರು. "ಅದನ್ನ ಆಚೆ ಇಡಯ್ಯಾ! ಪಾಯಿಖಾನೆ ಎಲ್ಲಿದೆ?"

ಪಾಠ, ತೋಟ, ಅಡಿಗೆ ಎಂದು ನಾವು ಏನೇನೋ ಸಿದ್ಧ ಮಾಡಿ ಇಟ್ಟಿದ್ದೆವು. ಆ ದಿನ ಬಹಳ ಹೊತ್ತು, ಕೂಲಂಕಷವಾಗಿ ತಪಾಸಣೆ ಆದದ್ದು ಅದು ಒಂದೇ.

ಸೂರ್ಯ ಅಲುಗಾಡಬಾರದು

ಮೂರನೇ ಸಲ ಬರುವ ದಿನವನ್ನು ಸಾಹೇಬರು ಮೊದಲೇ ಹೇಳಿ ಕಳಿಸಿದರು. ಅಡಗಿ ಬರುವ ಆಸೆ ಅವರಿಗೆ ಹೋಗಿತ್ತು.

ಆಗ ನಮ್ಮ ತೋಟ ನೋಡಬೇಕಿತ್ತು. ಬಸಳೆ ಚಪ್ಪರದ ತುಂಬ, ಅಲಸಂಡೆ ಮೊಳದುದ್ದ, ಹರಿವೆ ಸೊಪ್ಪು ನನ್ನ ಸೊಂಟಕ್ಕೆ. ಬೆಂಡೆಕಾಯಿ ಎಷ್ಟು ಬೇಗ ಬೆಳೆಯುತ್ತಿತ್ತೆಂದರೆ ಕೊಯ್ಯಲು ಬಗ್ಗಿದವನ ಮೂಗಿಗೆ ಕುತ್ತುತ್ತಿತ್ತು. ಬೇಲಿ ಮಾತ್ರ ಇಲ್ಲ. ಹೆಡ್ಮಾಸ್ಟ್ರು ಇನ್ನೊಮ್ಮೆ ಯಜಮಾನ್ರ ಜಗಲಿಗೆ ಹೋಗಿ ಕೈಮುಗಿದು ಕೇಳಿಕೊಂಡಿದ್ದರು. "ಶಾಲೆ ಹೋಗುತ್ತದೆ ಯಜಮಾನ್ರೇ." "ಹೋಗಲಿ ಮಾಸ್ಟ್ರೆ. ಬಂಟ್ವಾಳ ಒಳ್ಳೆ ಊರು" ಎಂದು ಅವರು ವೀಳ್ಯ ಜಗಿದರಂತೆ.

ಆ ದಿನದ ಮಾದರಿ ಪಾಠ ಚಾರ್ಮಾಡಿ ಕಡೆಯ ಒಬ್ಬ ಟ್ರೈನಿಂಗಿನವನದ್ದು. ಪಾಪದ ಜನ, ಕೈಕಾಲು ನಡುಗುವ ಸ್ವಭಾವ, ಹಿಂದಿನ ವರ್ಷ ಹಾಗೆಯೇ ನಪಾಸಾಗಿದ್ದ. ಪಾಠ ಸೂರ್ಯ ಮತ್ತು ಗ್ರಹಗಳು. ಗ್ರಹಗಳಿಗೆ ಮಕ್ಕಳು ಇದ್ದರು. ಸೂರ್ಯನಿಗೆ ಒಂದು ಗಟ್ಟಿ ಆಳು ಬೇಕಿತ್ತು. ಇಡೀ ಶಾಲೆಯಲ್ಲಿ ಆ ತೇಜಸ್ಸು ಯಾರ ಮುಖದಲ್ಲಿ ಉಂಟೆಂದು ನಾನೇ ಹೇಳಬೇಕೇ?

ಬೆಳಿಗ್ಗೆಯೇ ಅವನು ನನ್ನನ್ನು ಅಲಂಕಾರ ಮಾಡಿದ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಅದಕ್ಕೆ ಅರಸಿನ. ಮುಖಕ್ಕೆ, ಎದೆಗೆ, ಕೈಗೆ ಅರಸಿನ. ಕಿರಣಗಳಿಗೆಂದು ತೆಂಗಿನ ಎಳೆಗರಿ ಸೀಳಿ ಸೊಂಟದ ಸುತ್ತ ಕಟ್ಟಿದ. ಹೆಡ್ಮಾಸ್ಟ್ರು ನೋಡಿ ಒಮ್ಮೆ ಬೆಚ್ಚಿದರು. "ಇದು ಸೂರ್ಯನೇ ಹೌದಾ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಸಾಹೇಬರನ್ನು ಎದುರುಗೊಳ್ಳಲು ಓಡಿದರು.

ಟ್ರೈನಿಂಗಿನವ ನನ್ನ ಕೈ ಹಿಡಿದ. "ಅಣ್ಣ, ಪಾಠ ಇರುವುದೇ ಇಷ್ಟು: ಸೂರ್ಯ ನಿಂತಲ್ಲೇ ನಿಲ್ಲುತ್ತಾನೆ, ಗ್ರಹಗಳು ಸುತ್ತುತ್ತವೆ. ನೀವು ಅಲುಗಾಡಿದಿರೋ, ನಾನು ಈ ಸಲವೂ ಹೋದೆ."

"ಬೆಟ್ಟ ಅಲುಗಾಡಿದರೂ ನಾನು ಅಲುಗಾಡಲಿಕ್ಕಿಲ್ಲ" ಎಂದೆ.

ಮಕ್ಕಳಿಗೂ ಅವನ ಅಪ್ಪಣೆ ಆಯಿತು. "ಸೂರ್ಯನನ್ನು ಬಿಟ್ಟು ಹೋಗಬಾರದು. ನಾನು ಸಾಕು ಎನ್ನುವವರೆಗೆ ಸುತ್ತುತ್ತಾ ಇರಬೇಕು."

ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. "ಮೊದಲು ಪಾಠ, ಆಮೇಲೆ ತೋಟ, ಆಮೇಲೆ ಊಟ. ಊಟ ಆದ್ಮೇಲೆ ತೀರ್ಮಾನ" ಎಂದು ಹೆಡ್ಮಾಸ್ಟ್ರಿಗೆ ಹೇಳಿದರು. ಪಾಠ ಸುರುವಾಯಿತು. ನಾನು ನಡುವೆ ನಿಂತೆ. ಮಕ್ಕಳು ಸುತ್ತಿದರು. ಭೂಮಿ ಆದ ಹುಡುಗನ ಸುತ್ತ ಚಂದ್ರ ಆದ ಪುಟ್ಟ ಹುಡುಗಿ ಒಬ್ಬಳು ಲಂಗ ಎತ್ತಿ ಹಿಡಿದು ಓಡುತ್ತಿದ್ದಳು. ಕೊನೆಯ ಗ್ರಹ ಗೋಡೆಗೆ ಒರಸಿಕೊಂಡು ನಿಧಾನ ಬರುತ್ತಿತ್ತು. ಸಾಹೇಬರು ತಲೆಯಾಡಿಸಿದರು. ಟ್ರೈನಿಂಗಿನವನ ನಡುಕ ನಿಂತಿತು.

ಆಗ ಅರ್ಧಗೋಡೆಯ ಆಚೆ ನನಗೆ ಕಂಡಿತು. ಯಜಮಾನ್ರ ದೊಡ್ಡ ಕೆಂಪು ದನ ತೋಟದ ಕಡೆ ಬರುತ್ತಾ ಉಂಟು. ಅವಸರ ಇಲ್ಲ. ತನ್ನ ದಾರಿ ಎಂಬ ಹಾಗೆ.

ಈಗ ನೀವೇ ಹೇಳಿ. ಅಲುಗಾಡಿದರೆ ಪಾಠ ಹೋಯಿತು, ಅಲುಗಾಡದಿದ್ದರೆ ತೋಟ ಹೋಯಿತು. ಎರಡರಲ್ಲಿ ಯಾವುದು ಹೋದರೂ ಶಾಲೆ ಬಂಟ್ವಾಳಕ್ಕೆ.

ನಾನು ಟ್ರೈನಿಂಗಿನವನಿಗೆ ಕಣ್ಣಿನಲ್ಲಿ ಸನ್ನೆ ಮಾಡಿದೆ. ಹುಬ್ಬು ಹಾರಿಸಿದೆ. ಹಲ್ಲು ಕಡಿದೆ. ಬೆವರಿಗೆ ಅರಸಿನ ಇಳಿಯಿತು. ಅವನು ಕೋಲಿನಿಂದ ನನ್ನ ಮುಖ ತೋರಿಸಿ, "ನೋಡಿ ಮಕ್ಕಳೇ, ಸೂರ್ಯ ಯಾವಾಗಲೂ ಕೊತಕೊತ ಕುದಿಯುತ್ತಾ ಇರುತ್ತಾನೆ" ಎಂದ. ಸಾಹೇಬರು ಮತ್ತೆ ತಲೆಯಾಡಿಸಿದರು.

ದನ ಬಸಳೆ ಚಪ್ಪರಕ್ಕೆ ಬಾಯಿ ಹಾಕಿತು.

ಮತ್ತೆ ನನಗೆ ತಡೆಯಲಿಕ್ಕೆ ಆಗಲಿಲ್ಲ. ಬೊಬ್ಬೆ ಹೊಡೆದು ಅರ್ಧಗೋಡೆ ಹಾರಿದೆ. ಆ ಹಾರಿದ್ದನ್ನು ಅಳೆದಿದ್ದರೆ ಜಿಲ್ಲೆಗೇ ಮೊದಲನೆಯವ ನಾನು. ಮಕ್ಕಳಿಗೆ ಹೇಳಿಯಾಗಿತ್ತಲ್ಲ, ಸೂರ್ಯನನ್ನು ಬಿಡಬಾರದೆಂದು? ಒಂದಾದ ಮೇಲೊಂದು ಗ್ರಹ ಗೋಡೆ ಹಾರಿತು. ನಾನು ಓಡುವುದು, ಅವು ನನಗೆ ಸುತ್ತು ಹಾಕುತ್ತಾ ಓಡುವುದು, ಚಂದ್ರ ಭೂಮಿಗೆ ಸುತ್ತು ಹಾಕುತ್ತಾ ಓಡುವುದು! ಆ ಗಾಳಿಗೆ ಅಂಗಳದ ತರಗೆಲೆ ಎಲ್ಲ ಎದ್ದು ನಮ್ಮ ಜೊತೆ ಬಂದವು. ಹಿಂದೆ ಟ್ರೈನಿಂಗಿನವ, "ಅಯ್ಯೋ ಸೂರ್ಯ, ನಿಲ್ಲಿ!" ಎಂದು ಅಳುತ್ತಾ. ಅವನ ಹಿಂದೆ ಹೆಡ್ಮಾಸ್ಟ್ರು. ಅವರ ಹಿಂದೆ ಪಂಚೆ ಎತ್ತಿ ಹಿಡಿದ ಸಾಹೇಬರು.

ದನ ತಲೆ ಎತ್ತಿ ನೋಡಿತು. ಹಳದಿ ಮುಖ, ಜೋಲಾಡುವ ಗರಿ, ಸುತ್ತ ತಿರುಗುವ ಮಕ್ಕಳು. ಬಾಲ ನಿಗುರಿಸಿ ಓಡಿದ್ದು ಹಟ್ಟಿಯಲ್ಲೂ ನಿಲ್ಲಲಿಲ್ಲವಂತೆ. ಕೊನೆಯ ಗ್ರಹ ಬಂದು ಮುಟ್ಟುವಾಗ ಎಲ್ಲ ಮುಗಿದಿತ್ತು. ಅದು ಮೊದಲಿನಿಂದಲೂ ದೂರದ್ದು.

"ಯಾರೋ ನನ್ನ ದನ ಓಡಿಸುವವ?" ಎಂದು ಗರ್ಜಿಸುತ್ತಾ ಯಜಮಾನ್ರು ದೊಣ್ಣೆ ಹಿಡಿದು ಚಪ್ಪರದ ಹಿಂದಿನಿಂದ ಬಂದರು. ನನ್ನನ್ನು ನೋಡಿದರು. ದೊಣ್ಣೆ ಕೆಳಗೆ ಬಿತ್ತು. ಹೆಗಲ ಬೈರಾಸು ಸೊಂಟಕ್ಕೆ ಬಂತು. ಎರಡೂ ಕೈ ಮುಗಿದವು. ಅರಸಿನ ಮುಖ, ಸೊಂಟಕ್ಕೆ ಎಳೆಗರಿ, ಮೈಯಲ್ಲಿ ಆವೇಶದ ಏದುಸಿರು. ತುಳುನಾಡಿನಲ್ಲಿ ಹುಟ್ಟಿದವ ಭೂತಕೋಲದ ದೈವವೇ ಎದುರು ನಿಂತಿದೆ ಎಂದಲ್ಲದೆ ಮತ್ತೇನು ಎಣಿಸಬೇಕು?

"ತಪ್ಪಾಯಿತು" ಎಂದರು. ಆ ದೊಡ್ಡ ಸ್ವರ ಎಲ್ಲಿ ಹೋಯಿತೋ. "ಏನು ಅಪ್ಪಣೆಯೋ ಅದು ಆಗಬೇಕು."

ದೈವದ ವಿಷಯದಲ್ಲಿ ನಾನು ಆಟ ಆಡುವವನಲ್ಲ. ಹೆದರಿ ಎರಡೂ ಕೈ ಆಡಿಸಿದೆ. "ಛೆ ಛೆ ಯಜಮಾನ್ರೇ, ನೀವು ಎಣಿಸಿದ್ದು ಅಲ್ಲ! ನಾನು ಸೂರ್ಯ!"

ಯಜಮಾನ್ರು ಉದ್ದಕ್ಕೆ ಅಡ್ಡಬಿದ್ದರು. "ಸೂರ್ಯದೇವರೇ! ನನ್ನ ಒಂದು ದನಕ್ಕೆ ಬೇಕಾಗಿ ನೀವೇ ಇಳಿದು ಬರಬೇಕಾಯಿತಾ?"

ನನಗೆ ಮಾತೇ ಬರಲಿಲ್ಲ. ಜನ್ಮದಲ್ಲಿ ಅದು ಒಂದೇ ಸಲ. ಹೆಡ್ಮಾಸ್ಟ್ರು ಸತ್ಯ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ಏದುಸಿರು ಬಿಡುತ್ತಾ ಸಾಹೇಬರು, "ಬೇಲಿ?" ಎಂದು ಒಂದೇ ಮಾತು ಕೇಳಿದರು.

"ಬೇಲಿ ಯಾಕೆ, ಕೆಂಪುಕಲ್ಲಿನ ಪಾಗಾರವೇ ಕಟ್ಟಿಸಿ ಕೊಡ್ತೇನೆ" ಎಂದರು ಯಜಮಾನ್ರು, ನೆಲದಿಂದಲೇ. ಹೇಳಿ ತಲೆ ಎತ್ತುವಾಗ ಗರಿಯ ಎಡೆಯಲ್ಲಿ ನನ್ನ ಖಾಕಿ ಚಡ್ಡಿ ಕಂಡಿತು. ಮೆಲ್ಲಗೆ ಎದ್ದು ಧೂಳು ಕೊಡವಿಕೊಂಡರು. ನನ್ನನ್ನು ನೋಡಿದರು, ಸಾಹೇಬರನ್ನು ನೋಡಿದರು, ಬಾಯಿ ತೆರೆದು ನಿಂತ ಅಷ್ಟೂ ಮಕ್ಕಳನ್ನು ನೋಡಿದರು. ಅವರೂ ದೊಡ್ಡ ಮನೆಯವರು. "ಹೇಳಿದ್ದು ಹೇಳಿಯಾಯಿತು. ನಾಳೆಯಿಂದ ಕಲ್ಲು ಬರ್ತದೆ" ಎಂದು ದೊಣ್ಣೆ ಹೆಕ್ಕಿಕೊಂಡು ಹೋದರು. ಕಲ್ಲುಗಳು ಬಂದವು ಕೂಡ.

ಟ್ರೈನಿಂಗಿನವ ಬಸಳೆ ಬುಡದಲ್ಲಿ ತಲೆ ಹಿಡಿದು ಕೂತಿದ್ದ. "ಹೋಯಿತು ಸಾರ್, ಸೂರ್ಯ ಚಲಿಸಿಬಿಟ್ಟ" ಎಂದ.

"ಏಳ್ರೀ" ಎಂದರು ಸಾಹೇಬರು. ಅವರು ನಗುವುದನ್ನು ನಾನು ನೋಡಿದ್ದು ಅಂದೇ. "ಸೂರ್ಯನೂ ಸುಮ್ನೆ ನಿಂತಿಲ್ಲ, ಗ್ರಹಗಳನ್ನೆಲ್ಲ ಕಟ್ಟಿಕೊಂಡು ಆಕಾಶದಲ್ಲಿ ಹೋಗ್ತಾನೇ ಇದ್ದಾನೆ ಅಂತ ದೊಡ್ಡ ಪುಸ್ತಕಗಳಲ್ಲಿ ಓದಿದ್ದೆ. ಇವತ್ತು ಕಣ್ಣಾರೆ ಕಂಡೆ. ಇಂಥ ಪಾಠೋಪಕರಣ ಬಂಟ್ವಾಳದಲ್ಲೂ ಇಲ್ಲ. ನೀವು ಪಾಸು. ಶಾಲೆ ಇಲ್ಲೇ ಇರಲಿ."

ಹೆಡ್ಮಾಸ್ಟ್ರು ಕಣ್ಣು ಒರೆಸಿಕೊಂಡರು. ಆದರೆ ಮಕ್ಕಳಿಗೆ ಸಾಕು ಎಂದು ಯಾರೂ ಹೇಳಿರಲಿಲ್ಲ. ಅವರು ನನ್ನ ಸುತ್ತ ತಿರುಗುತ್ತಲೇ ಇದ್ದರು. ಚಂದ್ರ ತಲೆತಿರುಗಿ ಭೂಮಿಯ ಅಂಗಿ ಹಿಡಿದು ನೇತಾಡುತ್ತಿತ್ತು. ಸಾಹೇಬರು ಕೈಗಡಿಯಾರ ನೋಡಿಕೊಂಡು ಹೆಡ್ಮಾಸ್ಟ್ರ ಕಡೆ ತಿರುಗಿದರು.

"ಊಟದ ಹೊತ್ತಾಯ್ತು. ಸೂರ್ಯನಿಗೆ ಬೇಗ ಮುಳುಗೋಕೆ ಹೇಳ್ರೀ. ಬಡಿಸೋನು ಅವನೇ ತಾನೆ?"